ಶನಿವಾರದ ತೂರಾಟ

ಪಾಪಣ್ಣ ಸೋರೆಬುರುಡೆಯ ಬಿರಡೆ ಕಿತ್ತು ತಮ್ಮನ ಹೆಣದ ಬಾಯಿಗೆ ಬಗ್ಗಿಸುವಷ್ಟರಲ್ಲಿ ಕದಿರಮ್ಮ ಅವನ ಮುಂಗೈ ಹಿಡಿದುಕೊಂಡಳು.

"ಬ್ಯಾಡ ಬಾವ. ಹೆಂಡ ಮುಟ್ಟಿಸ್ಬ್ಯಾಡಿ."

"ಸತ್ತೋನಿಗೆ ಇಷ್ಟವಾದದ್ದನ್ನ ಬಾಯಿಗೆ ಮುಟ್ಟಿಸ್ದೆ ಕಳಿಸ್ಬಾರ್ದು ಕಣಮ್ಮಾ. ನಸುಕ್ನಾಗೇ ಗಡಿ ದಾಟಿ ಅತ್ತಿಬೆಲೆಯಿಂದ ತಂದಿವ್ನಿ. ನನ್ ತಮ್ಮ ಬಾಯಾರ್ಕೊಂಡು ಹೋಗ್ಬೇಕಾ?"

"ಮುನೇಶ್ವರನ ಮುಂದೆ ಆಣೆ ಮಾಡವ್ರೆ, ಹೆಂಡ ಮುಟ್ಟಾಕಿಲ್ಲ ಅಂತ."

"ಆಣೆಯೇನೋ ಮಾಡ್ದ." ಪಾಪಣ್ಣ ದನಿ ತಗ್ಗಿಸಿದ. "ಆಮ್ಯಾಕೂ ಶನಿವಾರ ಶನಿವಾರ ತೂರಾಡ್ಕೊಂಡೇ ಬತ್ತಿದ್ನಲ್ಲಮ್ಮಾ. ಊರೇ ನೋಡೈತೆ."

ಕದಿರಮ್ಮ ಅವನ ಕೈ ಬಿಡಲಿಲ್ಲ. ನಾಲ್ಕು ದಿನದ ಹಿಂದೆ ಗಟ್ಟಿಮುಟ್ಟಾಗಿದ್ದ ಗಂಡ ಬಚ್ಚಪ್ಪ ಜ್ವರಕ್ಕೆ ಸಿಕ್ಕಿ ಹೋಗಿಬಿಟ್ಟಿದ್ದ. ಆ ಸಂಕಟ ಒಂದು ಕಡೆ. ದೇವರ ಮುಂದಿನ ಆಣೆ ಮುರಿದವನಾಗಿ ಹೋದನಲ್ಲ ಎಂಬುದು ಇನ್ನೊಂದು ಕಡೆ. ಹಟಕ್ಕೆ ಬಿದ್ದು ಆ ಆಣೆ ಮಾಡಿಸಿದವಳು ತಾನೇ. ಅವನು ಆಣೆ ಉಳಿಸಿಕೊಂಡಿದ್ದನೇ, ಇಲ್ಲವೇ? ಮಣ್ಣಿಗಿಡುವ ಮೊದಲು ಯಾರಾದರೂ ಹೇಳಿಯಾರೇ ಎಂದು ಅವಳ ಜೀವ ಒದ್ದಾಡುತ್ತಿತ್ತು.

*

ಬಚ್ಚಪ್ಪ ಜೂಜುವಾಡಿಯ ದರ್ಜಿ. ಯುದ್ಧ ಶುರುವಾದ ಮೇಲೆ ಅವನಿಗೆ ಬೆಂಗಳೂರಿನ ಒಂದು ವಿಮಾನದ ಶೆಡ್ಡಿನಲ್ಲಿ ಕೆಲಸ ಸಿಕ್ಕಿತು. ಹಾರಲು ಕಲಿಯುವ ಹುಡುಗರ ಪುಟ್ಟ ವಿಮಾನಗಳಿಗೆ ಬಟ್ಟೆಯ ರೆಕ್ಕೆಯಂತೆ. ಅದು ಹರಿದರೆ ಹೊಲಿಯುವುದು ಇವನ ಪಾಲು. ಅಲ್ಲಿ ಪ್ರತಿ ಹೊಲಿಗೆಗೂ ಗಂಟು ಹಾಕುವುದನ್ನು ಕಲಿತು, ಊರ ಹೆಂಗಸರ ರವಿಕೆಗೂ ಹಾಗೇ ಗಂಟು ಹಾಕತೊಡಗಿದ. ಬಿಚ್ಚಿ ಸಡಿಲ ಮಾಡಲಾಗದೆ ಅವರು ಬೈದದ್ದೇ ಬೈದದ್ದು.

ಊರು ಸೇರಿದ್ದ ಸೇಲಂ ಜಿಲ್ಲೆಯಲ್ಲಿ ಸರ್ಕಾರ ಹೆಂಡದಂಗಡಿ ಮುಚ್ಚಿಸಿದ ಮೇಲೆ ಜೂಜುವಾಡಿಯ ಬಾಯಾರಿದವರಿಗೆಲ್ಲ ಗಡಿಯಾಚೆಯ ಮೈಸೂರು ಸೀಮೆಯೇ ಕೈಲಾಸ. ಹೀಗಿರುವಾಗ ಶನಿವಾರ ಸಂಜೆ ಅತ್ತಲಿಂದ ಬಂದ, ಇದ್ದಿಲಿನಿಂದ ಓಡುವ ಬಸ್ಸಿನಿಂದ ಒಬ್ಬ ಗಂಡಸು ತೂರಾಡುತ್ತ ಇಳಿದರೆ ಯಾರು ಏನೆಂದುಕೊಂಡಾರು? ಬಚ್ಚಪ್ಪನ ಮುಖ ಬಿಳಿಚಿರುತ್ತಿತ್ತು. ಮೈಯಿಂದ ಏನೋ ಘಾಟು. ಮುದ್ದೆ ಕಂಡರೆ ಮುಖ ತಿರುಗಿಸಿ, "ಒಂದೀಟು ಮಜ್ಜಿಗೆ ಕೊಡೆ" ಎಂದು ಕಂಬಕ್ಕೆ ಒರಗುತ್ತಿದ್ದ. ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದವನ ಕತೆಯಾಯಿತು ಅವನದು.

ಒಂದು ಭಾನುವಾರ ಕದಿರಮ್ಮ ಅವನನ್ನು ಮುನೇಶ್ವರನ ಗುಡಿಗೆ ಎಳೆದೊಯ್ದಳು.

"ಹೆಂಡ ಮುಟ್ಟಾಕಿಲ್ಲ ಅನ್ನು. ಕಲ್ಲು ಮುಟ್ಟಿ ಅನ್ನು."

ಅವನು ಒಂದು ಮಾತೂ ವಾದಿಸದೆ ಕಲ್ಲು ಮುಟ್ಟಿ ಆಣೆ ಮಾಡಿದ. ಮಾಡುವಾಗ ತುಟಿಯಂಚಿನಲ್ಲಿ ನಗುತ್ತಿದ್ದ.

"ದ್ಯಾವ್ರ ಮುಂದೆ ನಗ್ತೀಯಾ?" ಎಂದು ಅವಳು ಬೆನ್ನಿಗೊಂದು ಗುದ್ದಿದಳು. ಮುಂದಿನ ಶನಿವಾರ ಅವನು ಮತ್ತೆ ತೂರಾಡುತ್ತಲೇ ಬಂದ.

*

"ಹೆಂಡವಾ? ಬಚ್ಚಣ್ಣನಿಗಾ?"

ಬಾಗಿಲಲ್ಲಿ ನಿಂತವನು ಶ್ಯಾಮಣ್ಣ, ಶೆಡ್ಡಿನಲ್ಲಿ ಬಚ್ಚಪ್ಪನ ಪಕ್ಕದಲ್ಲೇ ಕೂತು ಹೊಲಿಯುತ್ತಿದ್ದವನು. ಸುದ್ದಿ ತಿಳಿದು ಬೆಳಗಿನ ಬಸ್ಸಿಗೆ ಬಂದಿದ್ದ. ಪಾಪಣ್ಣನ ಕೈಯ ಬುರುಡೆ ನೋಡಿ ಅವನಿಗೆ ನಗು ಬಂದುಬಿಟ್ಟಿತು. ಸಾವಿನ ಮನೆಯೆಂದು ನೆನಪಾಗಿ ಬಾಯಿಗೆ ಟವಲು ಒತ್ತಿಕೊಂಡ.

"ಅದರ ವಾಸ್ನೆಗೇ ಮೂಗು ಮುಚ್ಕೊಳ್ಳೋನು ಅಕ್ಕಾ."

"ಮತ್ತೆ ಆ ಘಾಟು? ಆ ತೂರಾಟ?"

"ಘಾಟು ರೆಕ್ಕೆ ಬಟ್ಟೆಗೆ ಬಳಿಯೋ ಬಣ್ಣದ್ದು. ತೂರಾಟ ವಿಮಾನದ್ದು. ರಿಪೇರಿ ಆದ್ಮ್ಯಾಕೆ ಶನಿವಾರ ಹಾರ್ಸಿ ನೋಡ್ತಾರೆ. ಓಡ್ಸೋರು ಹಿಂದೆ, ಹೊಲ್ದೋನೇ ಮುಂದಿನ ಸೀಟ್ನಾಗೆ ಕೂರ್ಬೇಕು. ನಮ್ಮ ಶೆಡ್ನಾಗೆ ಹಂಗೇ."

ಶ್ಯಾಮಣ್ಣ ಅಂಗೈಯನ್ನೇ ವಿಮಾನ ಮಾಡಿ ಮೇಲೆತ್ತಿದ. "ಹೊಲಿಗೆ ತಡೀತದಾ ಅಂತ ಬೇಕಂತ್ಲೇ ಮೂತಿ ಎತ್ತಿ ಎತ್ತಿ ಹೋಗ್ತಾರೆ. ವೇಗ ಸತ್ತೋಗಿ ರೆಕ್ಕೆಗೆ ಗಾಳಿ ಆಸರೆ ತಪ್ತದೆ. ಒಂದು ರೆಕ್ಕೆ ವಾಲ್ತು ಅಂದ್ರೆ ಬುಗುರಿಯಂಗೆ ಗಿರಗಿರ ಸುತ್ಕೊಂಡು ಕೆಳಕ್ಕೆ."

"ಅಯ್ಯೋ ನನ್ ಮಗನೇ!" ಮೂಲೆಯಿಂದ ಬಚ್ಚಪ್ಪನ ತಾಯಿ ಪಿಳ್ಳಮ್ಮ ಕೂಗಿದಳು.

"ಹೆದರ್ಬ್ಯಾಡವ್ವಾ. ಓಡ್ಸೋರು ಇಂಜಿನ್ ತಗ್ಗಿಸಿ, ಸುತ್ತೋದಕ್ಕೆ ಎದುರು ಕಾಲು ಒತ್ತಿ, ಕೈಯಾಗಿರೋ ಕೋಲು ಮುಂದಕ್ಕೆ ತಳ್ತಾರೆ. ಮೂತಿ ಇನ್ನೂ ಕೆಳಕ್ಕೆ."

"ಬೀಳೋವಾಗ ಇನ್ನೂ ಕೆಳಕ್ಕಾ?" ಎಂದಳು ಕದಿರಮ್ಮ.

"ಹೆದರ್ಕೊಂಡು ಮೇಲಕ್ಕೆಳೆದ್ರೆ ಸುತ್ತು ನಿಲ್ಲಾಕಿಲ್ಲ. ಕೆಳಕ್ಕೆ ತಳ್ಳಿದ್ರೆ ಗಾಳಿ ಮತ್ತೆ ಹಿಡ್ಕೊಳ್ತದೆ. ಸುತ್ತು ನಿಂತ್ಮ್ಯಾಕೆ ಮೆಲ್ಲಗೆ ಎತ್ತಾರೆ. ಎಡಕ್ಕೊಂದು ಸಲ, ಬಲಕ್ಕೊಂದು ಸಲ. ಇಳಿದ್ರೆ ಬಚ್ಚಣ್ಣ ಹುಲ್ಲಿನ ಮ್ಯಾಲೆ ಕೂತು ವಾಂತಿ ಮಾಡೋನು. ಸಂಜೆವರ್ಗೂ ಭೂಮಿ ತಿರುಗೋದು."

"ಬ್ಯಾರೆಯೋರು ಕೂರ್ಬೌದಿತ್ತಲ್ಲ?"

"ನೀನು ಬ್ಯಾಡ ಬುಡು ಅಂತ ಶೆಡ್ಡಿನ ದೊರೆನೇ ಹೇಳಿದ್ರು, ಇವ್ನು ಒಪ್ಲಿಲ್ಲ. ಆ ಹುಡುಗ್ರು ನನ್ ಹೊಲಿಗೆ ನಂಬಿ ಹಾರ್ತಾರೆ, ನಾನೇ ನಂಬ್ದಿದ್ರೆ ಹೆಂಗೆ ಅನ್ನೋನು."

"ನಂಗ್ಯಾಕೆ ಹೇಳ್ಲಿಲ್ಲ?"

ಶ್ಯಾಮಣ್ಣ ತಲೆ ತಗ್ಗಿಸಿದ. "ಹೇಳಿದ್ರೆ ವಿಮಾನ ಹತ್ತಾಕಿಲ್ಲ ಅಂತ ಆಣೆ ಹಾಕ್ಸಿಬುಡ್ತಾಳೆ ಅನ್ನೋನು. ಹೆಂಡದ ಆಣೆ ಸಲೀಸು ಕಣಯ್ಯಾ, ಕುಡಿಯೋದೇ ಇಲ್ವಲ್ಲ ಅಂತ ನಗೋನು."

ಕದಿರಮ್ಮ ಗಂಡನ ಮುಖ ನೋಡಿದಳು. ಎರಡು ವರ್ಷ ಊರವರಿಂದ ಕುಡುಕನೆನ್ನಿಸಿಕೊಂಡು, ತನ್ನಿಂದ ಬೈಸಿಕೊಂಡು, ಒಳಗೊಳಗೇ ನಕ್ಕಿದ್ದ ಮುಖ. "ಕಳ್ಳ!" ಎಂದು ಅವನ ಎದೆಗೊಂದು ಏಟು ಹಾಕಿದಳು. "ನನ್ ಕಳ್ಳಾ!" ಎಂದು ಅದೇ ಎದೆಯ ಮೇಲೆ ಬಿದ್ದು ಅತ್ತಳು. ಅವನು ಕಣ್ಣು ಮುಚ್ಚಿದ ಮೇಲೆ ಅವಳಿಗೆ ನೆಮ್ಮದಿಯ ಅಳು ಬಂದದ್ದು ಆಗಲೇ.

ಪಾಪಣ್ಣ ಯಾರ ಮುಖವನ್ನೂ ನೋಡದೆ ಎದ್ದುಹೋಗಿ ಹೆಂಡವನ್ನು ತಿಪ್ಪೆಗೆ ಸುರಿದು ಬಂದ.

"ಮಜ್ಜಿಗೆ ತಾರೆ," ಎಂದಳು ಪಿಳ್ಳಮ್ಮ.

ಕದಿರಮ್ಮ ಬೆರಳು ಅದ್ದಿ ಗಂಡನ ತುಟಿಗೆ ಮಜ್ಜಿಗೆ ಮುಟ್ಟಿಸಿದಳು.

*

ಊರ ಹೊರಗಿನ ಹುಣಸೆಮರದ ಹತ್ತಿರ ಚಟ್ಟ ಇಳಿಸಿದರು. ಅಲ್ಲಿಂದ ಮುಂದೆ ಹೆಂಗಸರು ಹೋಗುವಂತಿಲ್ಲ. ಸತ್ತವನಿಗೆ ಮನೆಯ ದಾರಿ ಮರೆಯಲೆಂದು ಅಲ್ಲಿ ಚಟ್ಟವನ್ನು ಮೂರು ಸುತ್ತು ತಿರುಗಿಸುವುದು ಪದ್ಧತಿ. ಪಾಪಣ್ಣ, ಶ್ಯಾಮಣ್ಣ, ಇನ್ನಿಬ್ಬರು ಹೆಗಲು ಕೊಟ್ಟು ಎತ್ತಿದರು. ಬಿಸಿಲೇರುತ್ತಿತ್ತು, ಗುಂಡಿ ದೂರವಿತ್ತು. ಬಿರಬಿರನೆ ತಿರುಗತೊಡಗಿದರು.

"ನಿಧಾನ ಕಣ್ರಪ್ಪಾ!" ಹೆಂಗಸರ ನಡುವಿನಿಂದ ಕದಿರಮ್ಮ ಕೂಗಿದಳು. "ಮೆಲ್ಲಗೆ ತಿರುಗ್ಸಿ. ಅವ್ರಿಗೆ ಸುತ್ತು ತಡಿಯಾಕಿಲ್ಲ."

ತಮಟೆಯವನ ಕೈ ನಿಂತಿತು. ಪಾಪಣ್ಣ ಹೆಗಲಿಗೇ ಕಣ್ಣು ಒರೆಸಿಕೊಂಡು ಹೆಜ್ಜೆ ಸಣ್ಣದು ಮಾಡಿದ. ಉಳಿದ ಮೂವರೂ ಮಾಡಿದರು. ತುಂಬಿದ ಕೊಡ ಹೊತ್ತವರ ಹಾಗೆ ಒಂದೊಂದೇ ಹೆಜ್ಜೆ ಇಟ್ಟು ಸುತ್ತಿದರು. ಮೂರನೆಯ ಸುತ್ತು ಮುಗಿದ ಮೇಲೂ ಹೊರಡದೆ, ಬಚ್ಚಪ್ಪನ ತಲೆಸುತ್ತು ಇಳಿಯಲೆಂದು, ನಾಲ್ವರೂ ಅಲುಗಾಡದೆ ಸ್ವಲ್ಪ ಹೊತ್ತು ನಿಂತರು.