ಫೋಟೋದ ಹಣೆಗಿಟ್ಟ ಕುಂಕುಮ

ರೈಲು ವಡೋದರಾ ಬಿಟ್ಟು ಹತ್ತು ನಿಮಿಷವೂ ಆಗಿರಲಿಲ್ಲ, ಪದ್ಮಾವತಿ ಕೈ ಚಾಚಿದಳು.

"ಎಲ್ಲಿ, ನಿನ್ನ ಪಾಸ್‌ಪೋರ್ಟ್ ತೋರ್ಸೇ ಜಲಜಾ. ಫೋಟೋದಲ್ಲಿ ಯಾರು ಜಾಸ್ತಿ ಕಳ್ಳಿ ಥರ ಕಾಣ್ತೀವಿ ನೋಡೋಣ."

ಸೂರತ್ತಿನಲ್ಲೇ ಹತ್ತಿ, ವಡೋದರಾದಲ್ಲಿ ಹತ್ತುವ ಗೆಳತಿಗೆಂದು ಕಿಟಕಿ ಪಕ್ಕದ ಸೀಟಿನ ಮೇಲೆ ಕೈಚೀಲ ಇಟ್ಟುಕೊಂಡು ಬಂದಿದ್ದಳು ಪದ್ಮಾವತಿ. ಇಪ್ಪತ್ತಾರು ವರ್ಷದ ಹಿಂದೆ ಇಬ್ಬರೂ ವಡೋದರಾದ ರೈಲ್ವೆ ಕ್ವಾರ್ಟರ್ಸಿನಲ್ಲಿ ಅಕ್ಕಪಕ್ಕದ ಮನೆಯವರು. ತಾರಸಿಯ ಮೇಲೆ ಹಪ್ಪಳ ಒಣಗಿಸುತ್ತಾ, ಹಳೇ ಪತ್ರಿಕೆಯೊಂದರಲ್ಲಿ ಕಾಂಬೋಡಿಯಾದ ಆಂಕೋರ್ ವಾಟ್ ದೇವಾಲಯದ ಚಿತ್ರ ನೋಡಿ, ಒಂದು ದಿನ ಹೋಗಿಯೇ ತೀರುವುದೆಂದು ಮಾತಾಡಿಕೊಂಡಿದ್ದರು. ಆ ಒಂದು ದಿನ ಬರುವಷ್ಟರಲ್ಲಿ ಜಲಜಾಳ ಅತ್ತೆ ಎಂಟು ವರ್ಷ ಹಾಸಿಗೆ ಹಿಡಿದರು, ಪದ್ಮಾವತಿ ಹೆಣ್ಣುಮಕ್ಕಳ ಮೂರು ಬಾಣಂತನ ಮುಗಿಸಿದಳು, ಅವಳ ಗಂಡ ತೀರಿಕೊಂಡರು, ಕೊರೋನಾ ಬಂದುಹೋಯಿತು. ಈಗ ಇಬ್ಬರಿಗೂ ಅರವತ್ತು ದಾಟಿದೆ, ಇಬ್ಬರ ನಾಲ್ಕು ಮಂಡಿಗಳಲ್ಲಿ ಒಂದು ಮಾತ್ರ ನೆಟ್ಟಗಿದೆ. ಮಧ್ಯಾಹ್ನ ಅಹಮದಾಬಾದಿನಿಂದ ವಿಮಾನ.

ಜಲಜಾ ಪಾಸ್‌ಪೋರ್ಟ್ ಬಿಚ್ಚಿದಳು. ಎರಡು ಕಾಳು ಅಕ್ಷತೆ ಮಡಿಲಿಗೆ ಉದುರಿತು. ಫೋಟೋದ ಹಣೆಯ ಮೇಲೆ ಒದ್ದೆ ಕುಂಕುಮ, ಎದುರು ಹಾಳೆಯ ಮೇಲೆ ಅದರದೇ ಅಚ್ಚು.

"ಫೋಟೋಗೆ ಕುಂಕುಮ ಇಡೋದು ತೀರ್ಕೊಂಡೋರಿಗಲ್ವೇನೇ? ನೀನು ನೋಡಿದ್ರೆ ಡಬ್ಬಿ ತುಂಬಾ ಕೋಡುಬಳೆ ಹೊತ್ಕೊಂಡು ಬಂದಿದ್ದೀಯ!" ಎಂದು ಪದ್ಮಾವತಿ ನಕ್ಕಳು.

ಜಲಜಾ ನಗಲಿಲ್ಲ. ಪಾಸ್‌ಪೋರ್ಟ್ ಮೇಲೆ ಒಂದು ಕಲೆ ಇದ್ದರೂ ವಿಮಾನ ನಿಲ್ದಾಣದಿಂದಲೇ ವಾಪಸ್ ಕಳಿಸುತ್ತಾರೆಂದು ಟಿಕೆಟ್ ಮಾಡಿಸಿಕೊಟ್ಟ ಟ್ರಾವೆಲ್ ಏಜೆಂಟ್ ಮನೋಜ್ ಮೂರು ಸಲ ಹೇಳಿದ್ದ. ಇದು ಗಂಡ ಬಾಲಕೃಷ್ಣರ ಕೆಲಸ, ಬೇರೆ ಯಾರದೂ ಅಲ್ಲ. ಬೆಳಿಗ್ಗೆ ಪಾಸ್‌ಪೋರ್ಟನ್ನು ದೇವರ ಮುಂದಿಟ್ಟುಕೊಂಡು ಅರ್ಧ ಗಂಟೆ ಕೂತಿದ್ದರು. ಟಿಕೆಟ್ ಆದ ಮೇಲೆ ಒಂದು ತಿಂಗಳು ಆ ಮನುಷ್ಯ ಹೋಗು ಅಂದಿರಲಿಲ್ಲ, ಬೇಡ ಎಂದೂ ಅಂದಿರಲಿಲ್ಲ. ಸ್ಟೇಷನ್ನಿನಲ್ಲಿ ಸೂಟ್‌ಕೇಸ್ ಎತ್ತಿಕೊಟ್ಟು, "ನೀರು ಕುಡೀತಿರು" ಎಂದಷ್ಟೇ ಹೇಳಿ ಹೊರಟುಹೋಗಿದ್ದರು.

"ಬೇಕಂತ್ಲೇ ಮಾಡಿದ್ರೇನೋ ಕಣೇ," ಎಂದಳು ಜಲಜಾ.

"ಫೋನ್ ಮಾಡಿ ಕೇಳು."

"ಬೇಡ. ಹೌದು ಅಂದುಬಿಟ್ರೆ?"

ಪದ್ಮಾವತಿ ಸೆರಗಿನ ತುದಿಯಿಂದ ಮೆಲ್ಲಗೆ ಒರೆಸಿದಳು. ಫೋಟೋದ ಮೇಲೆ ಪ್ಲಾಸ್ಟಿಕ್ ಇದ್ದುದರಿಂದ ಅದು ಬಿಟ್ಟಿತು. ಎದುರಿನ ಹಾಳೆಯ ಕಲೆ ಮಾತ್ರ ಜಪ್ಪಯ್ಯ ಅನ್ನಲಿಲ್ಲ.

"ನಿನ್ನ ಬಿಡ್ಲಿಲ್ಲ ಅಂದ್ರೆ ನಾನೂ ಹೋಗಲ್ಲ," ಎಂದಳು ಪದ್ಮಾವತಿ. ಅದು ಜಲಜಾಳಿಗೆ ಇನ್ನೂ ದೊಡ್ಡ ಭಾರವಾಯಿತು.

ಅಹಮದಾಬಾದ್ ವಿಮಾನ ನಿಲ್ದಾಣದಲ್ಲಿ ಪದ್ಮಾವತಿಯೇ ಅವಳನ್ನು ಮುಂದೆ ನಿಲ್ಲಿಸಿಕೊಂಡಳು. ಇಮಿಗ್ರೇಷನ್ ಅಧಿಕಾರಿ ಪಾಸ್‌ಪೋರ್ಟ್ ತೆರೆದು ಕಲೆಯ ಮೇಲೆ ಹೆಬ್ಬೆರಳಾಡಿಸಿದ. ಬೆರಳು ಕೆಂಪಾಯಿತು.

"ಚಾಂದ್ಲೋ?" ಎಂದು ಕೇಳಿದ. ಗುಜರಾತಿನಲ್ಲಿ ತಿಲಕಕ್ಕೆ ಹಾಗನ್ನುತ್ತಾರೆ.

ಮೂವತ್ತು ವರ್ಷದಿಂದ ಕಲಿತ ಹಿಂದಿ ಗುಜರಾತಿಯೆಲ್ಲ ಆ ಹೊತ್ತಿಗೆ ಕೈಕೊಟ್ಟಿತು. ಜಲಜಾ ಸುಮ್ಮನೆ ತಲೆಯಾಡಿಸಿದಳು. ಅವನು ಫೋಟೋದ ಹಾಳೆಯನ್ನು ಯಂತ್ರದ ಮೇಲಿಟ್ಟ. ಯಂತ್ರ ಏನೂ ಹೇಳದೆ ಕೂತಿತು. ಹಿಂದಿನಿಂದ ಪದ್ಮಾವತಿ ಅವಳ ಸೀರೆಯ ಸೆರಗು ಹಿಡಿದುಕೊಂಡಿದ್ದಳು. ಕೊನೆಗೆ ಯಂತ್ರ ಸಣ್ಣಗೆ ಕುಯ್ಯೆಂದಿತು. ಅಧಿಕಾರಿ ಠಸ್ಸೆ ಒತ್ತಿದ.

"ನಮ್ಮಮ್ಮನೂ ನನ್ನ ಹೊಸ ಲ್ಯಾಪ್‌ಟಾಪ್‌ಗೆ ಚಾಂದ್ಲೋ ಇಟ್ಟಿದ್ದಳು, ಮುಂದಿನ ಸಲ ಸೂಟ್‌ಕೇಸಿಗೆ ಇಡಲು ಹೇಳಿ," ಎಂದು ಹಿಂದಿಯಲ್ಲಿ ಹೇಳಿ ನಕ್ಕ.

ಒಳಗೆ ಬಂದು ಕುರ್ಚಿಯಲ್ಲಿ ಕುಸಿದು ಕೂತ ಮೇಲೆ ಜಲಜಾಳಿಗೆ ಹೋದ ಜೀವ ಬಂದ ಹಾಗಾಯಿತು. ಹಿಂದೆಯೇ ಸಿಟ್ಟೂ ಬಂತು. ಫೋನ್ ಮಾಡಿದಳು.

"ರೀ, ಪಾಸ್‌ಪೋರ್ಟ್‌ಗೆ ಏನ್ ಮಾಡಿದ್ರಿ ನೀವು?"

"ಫೋಟೋ ತೆಗೆಯೋವಾಗ ನಿನ್ನ ಬೊಟ್ಟು ಬಿದ್ದುಹೋಗಿತ್ತಲ್ಲ. ಬೋಳು ಹಣೇಲಿ ಅಷ್ಟು ದೂರ ಕಳ್ಸಕ್ಕೆ ಮನಸ್ಸು ಬರ್ಲಿಲ್ಲ. ಯಾಕೆ, ತಡೆದ್ರಾ?" ಎಂದರು ಬಾಲಕೃಷ್ಣ.

"ಇಲ್ಲ. ಒಳಗೆ ಬಂದಾಯ್ತು."

"ಅಬ್ಬ, ಸದ್ಯ!"

ಆ ಒಂದು ಮಾತಿಗೆ ಅವಳ ಸಿಟ್ಟೆಲ್ಲ ಇಳಿದುಹೋಯಿತು. "ಮತ್ತೆ ಒಂದು ತಿಂಗಳಿಂದ ಯಾಕೆ ಮಾತಾಡ್ಲಿಲ್ಲ?"

"ಬಾಯಿ ಬಿಟ್ರೆ ಹೋಗ್ಬೇಡ ಅಂತಾನೇ ಬರ್ತಿತ್ತು ಕಣೇ. ಅದಕ್ಕೇ ಮುಚ್ಕೊಂಡಿದ್ದೆ."

ಜಲಜಾ ಫೋನ್ ಇಟ್ಟು ಕಣ್ಣೊರೆಸಿಕೊಂಡಳು.

"ಏನಂತೆ?" ಎಂದಳು ಪದ್ಮಾವತಿ.

"ನೀರು ಕುಡೀಬೇಕಂತೆ," ಎಂದು ಜಲಜಾ ಕೋಡುಬಳೆ ಡಬ್ಬಿಯ ಮುಚ್ಚಳ ತೆಗೆದಳು.