ಬಿರುಕಿನೊಳಗಿನ ಇರುವೆಗಳು

ರಸ್ತೆಯೊಂದಿಗೆ ಯಾರಾದರೂ ಮುನಿಸಿಕೊಳ್ಳುತ್ತಾರೆಯೇ? ನಾನು ಮುನಿಸಿಕೊಂಡಿದ್ದೇನೆ.

ಚಿಕ್ಕೋಡಿಯ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಪಾಠ ಹೇಳುವ ನಾನು, ನಮ್ಮೂರಿನಿಂದ ಕುಡಚಿಗೆ ಹೋಗುವ ದಾರಿಯಲ್ಲಿ ಪರೀಕ್ಷೆಗೆಂದು ಒಂದು ತುಂಡು ರಸ್ತೆ ಹಾಕಿಸಿದ್ದೆ. ಡಾಂಬರಿನಲ್ಲಿ ಕೂದಲಿನಷ್ಟು ಸಣ್ಣ ಉಕ್ಕಿನ ಎಳೆ ಬೆರೆಸಿದ್ದೆವು. ಬಿರುಕು ಬಿಟ್ಟಾಗ ಮೇಲೆ ನನ್ನ ಯಂತ್ರ ಹಾಯಿಸಿದರೆ ಎಳೆಗಳು ಕಾದು, ಡಾಂಬರು ಮೆತ್ತಗಾಗಿ, ಬಿರುಕು ಕೂಡಿಕೊಳ್ಳಬೇಕು. ಕಬ್ಬಿನ ಟ್ರ್ಯಾಕ್ಟರುಗಳು ಹಂಗಾಮು ಪೂರ್ತಿ ಓಡಾಡಿ ಚೆಂದದ ಬಿರುಕೊಂದನ್ನು ಮಾಡಿಕೊಟ್ಟವು. ಬೆಳಗಾವಿಯ ರಸ್ತೆ ಇಲಾಖೆಯ ಸಾಹೇಬರು ಬಂದು ನೋಡಿ ಒಪ್ಪಿದರೆ ಸರಿ, ಇಲ್ಲದಿದ್ದರೆ ನನ್ನ ನಾಲ್ಕು ವರ್ಷದ ದುಡಿಮೆ ಮಣ್ಣುಪಾಲು.

ಅಷ್ಟರಲ್ಲಿ ಬಸದಿಯಿಂದ ಬರುತ್ತಿದ್ದ ತ್ರಿಶಲಾ ಅತ್ತೆ, ಅಂದರೆ ನನ್ನ ಅಪ್ಪನ ಅಕ್ಕ, ಬಿರುಕಿನ ಮುಂದೆ ಕುಳಿತುಬಿಟ್ಟಳು. ಅದರೊಳಗೆ ಇರುವೆಗಳು ಸಾಲುಗಟ್ಟಿ ಹೋಗಿಬರುತ್ತಿದ್ದವು. ಯಂತ್ರ ಎಷ್ಟು ಬಿಸಿ ಮಾಡುತ್ತದೆ ಎಂದು ಕೇಳಿದಳು. ನಾನು ಹೆಮ್ಮೆಯಿಂದ ಹೇಳಿದೆ, ಹೇಳಬಾರದಿತ್ತು.

"ಅವು ಹೊರಗ ಬೀಳೂತನಕಾ ನಾ ಸಕ್ಕರಿ ಮುಟ್ಟಂಗಿಲ್ಲ," ಎಂದು ಅಲ್ಲಿಯೇ ನೇಮ ಹಿಡಿದಳು.

ಚಹಾದಲ್ಲಿ ಮೂರು ಚಮಚ ಸಕ್ಕರೆ ಬೀಳದಿದ್ದರೆ ಅತ್ತೆಗೆ ಬೆಳಗೇ ಆಗುವುದಿಲ್ಲ. ನನಗೆ ನಗು ಬಂತು, ಸಿಟ್ಟೂ ಬಂತು. ಆದರೆ ನಾನೂ ಅದೇ ಜೈನರ ಮನೆಯಲ್ಲಿ, ಕತ್ತಲಲ್ಲಿ ಹುಳ ಸತ್ತೀತೆಂದು ಹೊತ್ತು ಮುಳುಗುವ ಮೊದಲೇ ಉಂಡು ಬೆಳೆದವನು. ಇರುವೆ ಕಂಡ ಮೇಲೆ ಯಂತ್ರದ ಗುಂಡಿ ಒತ್ತಲು ಕೈ ಬರಲಿಲ್ಲ. ಯಂತ್ರ ಕೆಟ್ಟಿದೆ ಎಂದು ನೆವ ಹೇಳಿ ಸಾಹೇಬರ ಭೇಟಿಯನ್ನು ಮುಂದಕ್ಕೆ ಹಾಕಿಸಿದೆ. ಅಲ್ಲಿಯತನಕ ಬಿರುಕು ಹಾಗೇ ಇರಲೆಂದು ರಸ್ತೆಗೆ ಕಲ್ಲು ಅಡ್ಡ ಇಟ್ಟು ಗಾಡಿಗಳನ್ನು ಪಕ್ಕದ ದಾರಿಗೆ ಬಿಟ್ಟೆ. ಅತ್ತೆ ದಿನಾ ಬೇಲಿಯ ಬುಡದಲ್ಲಿ ಹಿಟ್ಟು ಚೆಲ್ಲಿ ಇರುವೆಗಳನ್ನು ಕರೆಯುತ್ತಿದ್ದಳು. ಮನೆಗೆ ಬಂದು ಸಪ್ಪೆ ಚಹಾ ಕುಡಿದು ಮುಖ ಕಿವುಚುತ್ತಿದ್ದಳು.

ಮೇ ತಿಂಗಳ ಕಡು ಬಿಸಿಲಲ್ಲಿ ಅತ್ತೆ ನಿಪ್ಪಾಣಿಯ ಮಗಳ ಮನೆಗೆ ಹೋದಳು. ನಾನು ಕಾಲೇಜಿನ ಪರೀಕ್ಷೆಗಳ ಕೆಲಸವೆಂದು ಚಿಕ್ಕೋಡಿಯಲ್ಲೇ ಉಳಿದೆ. ಕೊನೆಗೆ ಇನ್ನು ಮುಂದೂಡಲಾಗದೆ ಸಾಹೇಬರನ್ನು ಕರೆದುಕೊಂಡು ಬಂದು ನೋಡಿದರೆ ಬಿರುಕೇ ಇಲ್ಲ. ಎಡಕ್ಕೆ ಹೋದೆ, ಬಲಕ್ಕೆ ಬಂದೆ. ಮೊಬೈಲಿನಲ್ಲಿದ್ದ ಫೋಟೋ ತೆಗೆದು ನೋಡಿದೆ. ಜಾಗ ಅದೇ. ಬಿರುಕಿದ್ದಲ್ಲಿ ಕಪ್ಪಗೆ ಮಿರುಗುವ ಗೆರೆಯೊಂದು ಮಾತ್ರ ಉಳಿದಿತ್ತು.

"ಗಾಡಿ ಬಿಡಲಾರ್ದ ಬಿಸಲಾಗ ಬಿಟ್ಟೀರಿ, ತಾನ ಕೂಡೈತಿ," ಎಂದರು ಸಾಹೇಬರು. "ಹಂಗಾದ್ರ ನಿಮ್ಮ ಮಷಿನ್ ಯಾಕ ಬೇಕ್ರಿ?"

ಬಿಸಿಲೂ ಬಿಡುವೂ ಸಿಕ್ಕರೆ ಡಾಂಬರು ಕೂಡಿಕೊಳ್ಳುತ್ತದೆ ಎಂದು ಪಾಠ ಹೇಳುವವನು ನಾನೇ. ಇಷ್ಟು ಕೂಡಿಕೊಂಡೀತು ಎಂದು ಎಣಿಸಿರಲಿಲ್ಲ. ಉಕ್ಕಿನ ಎಳೆಯ ಗುಣವೋ, ಬಿಸಿಲಿನದೋ, ಗೆದ್ದೆನೋ, ಸೋತೆನೋ, ಒಂದೂ ತಿಳಿಯಲಿಲ್ಲ. ಸಾಹೇಬರು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ, ಜೀಪು ಹತ್ತಿ ಹೋದರು.

ಆ ದಿನವೇ ಊರಿಗೆ ಮರಳಿದ್ದ ಅತ್ತೆ ಇಳಿಹೊತ್ತಿನಲ್ಲಿ ಚಹಾ ಮಾಡಿದಳು. ಸಕ್ಕರೆ ಡಬ್ಬಿಯ ಮುಚ್ಚಳ ತೆಗೆದು ನನ್ನ ಮುಖ ನೋಡಿದಳು.

"ಹೊರಗ ಹೋದುವೇನೋ, ಒಳಗ ಉಳದುವೇನೋ?"

ಹೋದವು ಎಂದಿದ್ದರೆ ನಂಬುತ್ತಿದ್ದಳು. ಸಪ್ಪೆ ಚಹಾ ಕುಡಿದೂ ಕುಡಿದೂ ಅವಳ ಮುಖ ಬಾಡಿತ್ತು.

"ಗೊತ್ತಿಲ್ಲ ಅತ್ತಿ," ಎಂದೆ.

ಅವಳು ಮುಚ್ಚಳ ಹಾಕಿದಳು. ಯಂತ್ರ ಹಾಯಿಸಿದ್ದರೆ ನಾನು ಕೊಂದೆ ಎಂದಾದರೂ ಗೊತ್ತಿರುತ್ತಿತ್ತು. ನನ್ನ ಕಪ್ಪಿಗೂ ಸಕ್ಕರೆ ಬಿದ್ದಿರಲಿಲ್ಲ, ಕೇಳದೆ ಕುಡಿದೆ.