ಭಾನುವಾರದ ಅರ್ಧ ಗಂಟೆ

೧.
ಈ ಕಥೆಯನ್ನು ಆಕಾಶದಿಂದ ಶುರುಮಾಡಲೋ, ಜನಕಪುರಿಯಿಂದಲೋ? ಆಕಾಶದಲ್ಲಿ ಉಪಗ್ರಹವಿದೆ, ಅದರ ರೇಡಿಯೊದಲ್ಲಿ ದಿನವಿಡೀ ಕನ್ನಡ ಹಾಡು. ಜನಕಪುರಿಯಲ್ಲಿ ಸುಜಾತಾ ಇದ್ದಾಳೆ. ದಿಲ್ಲಿಯ ಒಂದು ಸ್ಥಳೀಯ ರೇಡಿಯೊ ಕೇಂದ್ರದಲ್ಲಿ ಭಾನುವಾರ ಅರ್ಧ ಗಂಟೆ ಕನ್ನಡ ಕಾರ್ಯಕ್ರಮ ನಡೆಸುವವಳು. ಈ ವಾರವೂ ಕೇಳುಗರ ಫೋನ್ ಬರದಿದ್ದರೆ ಅದನ್ನು ನಿಲ್ಲಿಸುವುದಾಗಿ ಕೇಂದ್ರದವರು ಹೇಳಿದ್ದಾರೆ. ಉಪಗ್ರಹಕ್ಕೆ ಅಂಥ ಚಿಂತೆಯಿಲ್ಲ. ಆದ್ದರಿಂದ ಜನಕಪುರಿ.

೨.
(ಮೊದಲ ಡ್ರಾಫ್ಟಿನಲ್ಲಿ ಅವಳ ಗಂಡ, ಹೋಟೆಲ್ ನಡೆಸುವ ಜಯಾನಂದನನ್ನು ಖಳನಾಯಕ ಮಾಡಿದ್ದೆ. "ಹೋಟೆಲಿಗೆ ಒಂದು ಸ್ಯಾಟಲೈಟ್ ರೇಡಿಯೊ ತಂದದ್ದು ತಪ್ಪಾ ಮೇಡಂ?" ಎಂದು ನನ್ನನ್ನೇ ಕೇಳಿದ. ಆ ಡ್ರಾಫ್ಟನ್ನು ಹರಿದು ಹಾಕಿದೆ.)

ಜಯಾನಂದ ತಾರಸಿ ಹತ್ತಿ ಆಂಟೆನಾವನ್ನು ನೇರ ಉಡುಪಿಯ ಕಡೆ ತಿರುಗಿಸಿಟ್ಟ. ರೇಡಿಯೊ ಉಸಿರೆತ್ತಲಿಲ್ಲ.

"ಕನ್ನಡ ಹಾಡು ಮತ್ತೆಲ್ಲಿಂದ ಬರ್ತದೆ ಮಾರಾಯ್ತಿ?"

"ಉಪಗ್ರಹ ಉಡುಪಿ ಮೇಲೆ ನಿಂತಿಲ್ಲ. ಅಂಗಡಿಯವನು ಆಗ್ನೇಯ ಅಂದಿದ್ದ. ಚಲೋ, ನಾನೇ ತಿರುಗಿಸ್ತೇನೆ."

ತಿರುಗಿಸಿದಳು. ಹಾಡು ಬಂತು. ಅಡುಗೆಯವರು ಚಪ್ಪಾಳೆ ತಟ್ಟಿದರು. ತನ್ನ ಕಾಲಿನ ಮೇಲೆ ತಾನೇ ಕಲ್ಲು ಹಾಕಿಕೊಂಡೆನೇ ಎಂದು ಸುಜಾತಾಳಿಗೆ ಅನ್ನಿಸಿದ್ದು ಆಮೇಲೆ.

೪.
(೩ನ್ನು ಕೈಬಿಟ್ಟಿದ್ದೇನೆ. ಅದರಲ್ಲಿ ಅವಳು ಅಳುತ್ತಿದ್ದಳು. "ಹಾಗೆಲ್ಲ ಅಳುವವಳಲ್ಲ ನಾನು" ಎಂದು ಜಗಳಕ್ಕೆ ಬಂದಳು.)

ಭಾನುವಾರ, ಸ್ಟುಡಿಯೊ. ಸುಜಾತಾಳ ಕಣ್ಣು ಫೋನಿನ ಮೇಲೆಯೇ. ಎರಡು ಹಾಡು ಮುಗಿದವು. ಮೂರನೆಯದರ ನಡುವೆ ಅದು ಬಾಯಿಬಿಟ್ಟಿತು.

"ದ್ವಾರಕಾದಿಂದ ಇಂದಿರಮ್ಮ. ನಮ್ಮೆಜಮಾನರ ಆಪರೇಷನ್ನಿಗೆ ರಕ್ತ ಬೇಕು ಅಂತ ಚೀಟಿ ಕಳಿಸಿದ್ದೆ, ಹೋದ ವಾರ ರೇಡಿಯೊದಲ್ಲಿ ಹೇಳಿದ್ರಲ್ಲಮ್ಮ..."

"ಹೌದಮ್ಮ. ಈಗ ಹೇಗಿದ್ದಾರೆ?"

"ಎದ್ದು ಕೂತು, ಕಾಫಿ ತಣ್ಣಗಿದೆ ಅಂತ ಬೈತಿದ್ದಾರೆ! ರೇಡಿಯೊ ಕೇಳಿ ಬಂದ್ವಿ ಅಂತ ಪೀತಮ್‌ಪುರದವರು ಇಬ್ಬರು ಬಂದು ರಕ್ತ ಕೊಟ್ಟು ಹೋದ್ರು. ಗಾಬರೀಲಿ ನಾನು ಹೆಸರೂ ಕೇಳಲಿಲ್ಲ. ಅವರಿಗೆ ಥ್ಯಾಂಕ್ಸ್ ಹೇಳಬೇಕು."

"ಯಾವ ಹಾಡು ಹಾಕಲಿ?"

"ಹಾಡು ಬೇಡಮ್ಮ. ಆಕಾಶದ ರೇಡಿಯೊ ತಗೊಂಡಿದ್ದೀವಿ, ಇಡೀ ದಿನ ಹಾಡೇ. ಅದಕ್ಕೆ ನಾವು ಯಾರು ಅಂತ ಗೊತ್ತಿಲ್ವಲ್ಲ. ಇದೊಂದು ಮಾತು ನೀವೇ ಹೇಳಿ."

ಸುಜಾತಾ ಮುಂದಿನ ಹಾಡಿನ ಹೆಸರು ಹೊಡೆದುಹಾಕಿ, ಅಲ್ಲಿ ಇಂದಿರಮ್ಮನ ಮಾತು ಬರೆದುಕೊಂಡಳು. (ಇದಕ್ಕೆ ಅವಳ ಆಕ್ಷೇಪವಿಲ್ಲ.)

೫.
ಒಂದು ಅಂತ್ಯ: ಕಾರ್ಯಕ್ರಮ ಉಳಿಯಿತು. ಇನ್ನೊಂದು: ಒಂದೇ ಕರೆ ಸಾಲದೆ ನಿಂತುಹೋಯಿತು. ಯಾವುದನ್ನು ಬರೆಯಲಿ ಎಂದು ಸುಜಾತಾಳನ್ನೇ ಕೇಳಿದೆ.

"ಸ್ವಲ್ಪ ಸುಮ್ಮನಿರ್ತೀರಾ? ಹಾಡು ಮುಗೀತಾ ಬಂತು" ಎಂದು ಮೈಕನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಪೀತಮ್‌ಪುರದಿಂದ ಬಂದು ರಕ್ತ ಕೊಟ್ಟು, ಹೆಸರೂ ಹೇಳದೆ ಹೋದ ಇಬ್ಬರಿಗೆ, ದ್ವಾರಕಾದ ಇಂದಿರಮ್ಮನವರು..."

ಆ ಇಬ್ಬರು ಕೇಳುತ್ತಿದ್ದಾರೋ ಇಲ್ಲವೋ, ನನಗೂ ಗೊತ್ತಿಲ್ಲ. ಓದುಗರೇ, ನೀವೂ ಸ್ವಲ್ಪ ಸುಮ್ಮನಿರಿ. ಅವಳು ಇನ್ನೂ ಹೇಳುತ್ತಿದ್ದಾಳೆ